ಹಗ್ಗ ಹಿಡಿಯದೆ ಎದ್ದ ವರ್ತಕ

"ಗುರುಗಳೇ, ದಿನಾ ನೂರೆಂಟು ನಮಸ್ಕಾರ ಹಾಕುತ್ತೇನೆ ಅಂತ ಸಂಕಲ್ಪ ಮಾಡಿದ್ದೆ. ನಾಲ್ಕು ದಿನ ಹಾಕಿದೆ. ಐದನೆಯ ದಿನ ಮೈ ಬಗ್ಗಲಿಲ್ಲ. ಹೋದ ವರ್ಷವೂ ಹೀಗೇ ಆಯಿತು. ಅದರ ಹಿಂದಿನ ವರ್ಷವೂ ಹೀಗೇ. ನನ್ನ ಕೆಲಸ ಬೆಳಗಿನಿಂದ ಸಂಜೆಯವರೆಗೆ ಕೂತು ಮಾಡುವಂಥದ್ದು. ಬೇರೆ ಹೊತ್ತು ಎಲ್ಲಿಂದ ತರಲಿ? ಮಾಡಿದರೆ ಪೂರ್ತಿ ಮಾಡಬೇಕು, ಇಲ್ಲದಿದ್ದರೆ ಬಿಟ್ಟುಬಿಡಬೇಕು. ಬಿಟ್ಟುಬಿಡಲೇ?"

ಹೀಗೆ ಒಬ್ಬ ಶಿಷ್ಯ ಕೇಳಿದ. ಅವನಿಗೆ ನಲವತ್ತೆರಡು ವರ್ಷ. ಮಠದ ಹಳೆಯ ಕಾಗದಗಳನ್ನು ನಕಲು ಮಾಡುವುದು ಅವನ ಕೆಲಸ. ಕೇಳುವಾಗಲೂ ಅವನ ಒಂದು ಕೈ ಸೊಂಟದ ಮೇಲೇ ಇತ್ತು.

ಗುರುಗಳು, "ಬಿಡುವುದಾದರೆ ಬಿಡು. ಯಾರು ಬೇಡ ಅಂದರು? ಬಿಡುವ ಮೊದಲು ಒಂದು ಕತೆ ಕೇಳಿಬಿಡು," ಎಂದು ಹೇಳತೊಡಗಿದರು.

ಒಂದು ಪೇಟೆಯಲ್ಲಿ ಒಬ್ಬ ವರ್ತಕನಿದ್ದ. ಬೆಲ್ಲ, ಕೊಬ್ಬರಿ, ಒಣಮೆಣಸಿನಕಾಯಿ ಮಾರುತ್ತಿದ್ದ. ಅವನಿದ್ದ ಬೀದಿಯಲ್ಲಿ ಒಂದು ಪದ್ಧತಿ ಇತ್ತು. ಅಂಗಡಿಯ ಯಜಮಾನನಿಗೆ ನಲವತ್ತು ತುಂಬಿದ ದಿನ, ಅವನು ಕೂರುವ ಗಾದಿಯ ನೇರಕ್ಕೆ ತೊಲೆಯಿಂದ ಒಂದು ಹಗ್ಗ ಇಳಿಬಿಡುತ್ತಿದ್ದರು. ಹಗ್ಗಕ್ಕೆ ಅರಿಸಿನ ಬಳಿದು, ತುದಿಗೆ ಗಂಟು ಹಾಕಿ, ಗಂಟಿಗೆ ಹೂ ಸುತ್ತುತ್ತಿದ್ದರು. ಅವತ್ತು ಬೀದಿಗೆಲ್ಲ ಹೋಳಿಗೆ ಊಟ. ಅಲ್ಲಿಂದಾಚೆಗೆ ಯಜಮಾನ ಏಳಬೇಕಾದರೆ ಹಗ್ಗ ಹಿಡಿದು ಏಳಬೇಕು. ಬೇಕಾದದ್ದು ಕೂತಲ್ಲಿಗೇ ಬರಬೇಕು. ತನಗಿಂತ ದೊಡ್ಡವರು ಬಂದರೆ ಮಾತ್ರ ಎದ್ದು ನಿಲ್ಲಬೇಕು. ಮನೆಗೆ ಹೋಗಲು ಗಾಡಿ ಅಂಗಡಿಯ ಮೆಟ್ಟಿಲಿಗೇ ಬರಬೇಕು. ಹೆಣ್ಣು ಕೇಳಲು ಬಂದವರು ಮನೆ ನೋಡುವ ಮೊದಲು ಅಂಗಡಿಗೆ ಹೋಗಿ ಹಗ್ಗ ನೋಡುತ್ತಿದ್ದರು. ಹಗ್ಗ ಎಷ್ಟು ಸವೆದು ನುಣುಪಾಗಿದೆಯೋ ಮನೆತನಕ್ಕೆ ಅಷ್ಟು ಬೆಲೆ.

ಐವತ್ತಕ್ಕೆ ಆ ಬೀದಿಯ ಯಜಮಾನರ ಮಂಡಿ ಮಡಚಿದರೆ ಬಿಚ್ಚುತ್ತಿರಲಿಲ್ಲ, ಬಿಚ್ಚಿದರೆ ಮಡಚುತ್ತಿರಲಿಲ್ಲ. ಐವತ್ತೈದಕ್ಕೆ ಹಗ್ಗವೂ ಸಾಲದು, ಇಬ್ಬರು ಆಳು ಎತ್ತಬೇಕು. ಇದನ್ನು ಯಾರೂ ರೋಗ ಎನ್ನುತ್ತಿರಲಿಲ್ಲ. ಸಾಹುಕಾರಿಕೆ ಎನ್ನುತ್ತಿದ್ದರು.

ಒಂದು ಪದ್ಧತಿಯ ಬೆನ್ನಿಗೆ ಇನ್ನೊಂದು ಹುಟ್ಟುತ್ತದೆ. ಅವರಲ್ಲಿ ಸತ್ತವರನ್ನು ಮಣ್ಣು ಮಾಡುವುದು. ಮಣ್ಣು ಮಾಡುವ ಜಾಗ ಊರಾಚೆ, ಹಳ್ಳ ದಾಟಿ, ಏರಿನ ಮೇಲೆ. ಆ ಬೀದಿಯಲ್ಲಿ ಹೆತ್ತವರ ಚಟ್ಟಕ್ಕೆ ಮಕ್ಕಳು ಹೆಗಲು ಕೊಡುತ್ತಿರಲಿಲ್ಲ. ಕೊಡಲು ಆಗುತ್ತಲೂ ಇರಲಿಲ್ಲ. ಕೂಲಿಗೆ ನಾಲ್ವರು ಬಂದು ಹೊರುತ್ತಿದ್ದರು. ಮಗ ಹಿಂದೆ ಗಾಡಿಯಲ್ಲಿ ಬರುತ್ತಿದ್ದ. ವರ್ತಕನ ತಂದೆ ಹಾಗೇ ಹೋಗಿದ್ದ. ವರ್ತಕನೂ ಹಾಗೇ ಗಾಡಿಯಲ್ಲಿ ಹಿಂದೆ ಹೋಗಿದ್ದ.

ಈಗ ವರ್ತಕನಿಗೆ ನಲವತ್ತಾರು. ಅವನ ತಾಯಿಗೆ ಎಪ್ಪತ್ತೆಂಟು. ಆಕೆ ಹಳ್ಳಿಯಿಂದ ಸೊಸೆಯಾಗಿ ಬಂದವಳು. ಈಗಲೂ ಹಿತ್ತಲ ಬಾವಿಗೆ ತಾನೇ ಹೋಗುತ್ತಿದ್ದಳು.

ಒಂದು ಸಂಜೆ ಗಾಡಿ ಮನೆ ಮುಂದೆ ನಿಂತಿತು. ಇಬ್ಬರು ಆಳು ವರ್ತಕನ ಕಂಕುಳಿಗೆ ಕೈ ಕೊಟ್ಟು ಕೆಳಗಿಳಿಸಿದರು. ತಾಯಿ ಜಗಲಿಯ ಮೇಲೆ ಕೂತು ಬೇಳೆಯಲ್ಲಿ ಕಲ್ಲು ಆರಿಸುತ್ತಿದ್ದಳು.

"ಏನಪ್ಪಾ, ಬೆಲ್ಲದ ಮೂಟೆ ಇಳಿಸಿದ ಹಾಗೆ ಇಳಿಸಿದರಲ್ಲ ನಿನ್ನ," ಎಂದಳು.

"ಮಂಡಿ ನೋವು ಅವ್ವಾ."

"ನಿಮ್ಮಪ್ಪನಿಗೂ ಮಂಡಿ ನೋವೇ. ಹೋಗುವಾಗ ಬಾಡಿಗೆ ಹೆಗಲ ಮೇಲೆ ಹೋದ. ಮಾಳಿಗೆ ಮೇಲೆ ನಿಂತು ನೋಡಿದೆ ನಾನು. ಹಳ್ಳದ ಹತ್ತಿರ ಚಟ್ಟ ಇಳಿಸಿ ಆ ನಾಲ್ವರೂ ಬೀಡಿ ಹಚ್ಚಿದರು. ಒಬ್ಬ ಏನೋ ಅಂದ, ಉಳಿದವರು ನಕ್ಕರು. ನಗಲಿ ಪಾಪ, ಅವರಿಗೆ ಅವನೇನು ಅಪ್ಪನೇ, ಅಣ್ಣನೇ? ಆದರೆ ನನಗೆ ಅದು ಬೇಡ. ನನ್ನನ್ನು ನೀನು ಹೊರುತ್ತೀಯೋ ಇಲ್ಲವೋ? ಈಗಲೇ ಹೇಳು. ಇಲ್ಲ ಅಂದರೆ ತವರಿಗೆ ಹೋಗಿ ಸಾಯುತ್ತೇನೆ. ನನ್ನ ತಮ್ಮನ ಮಕ್ಕಳು ಬಡವರು, ಆದರೆ ಇನ್ನೂ ನಡೆಯುತ್ತಾರೆ."

ವರ್ತಕನ ಮುಖ ಕೆಂಪಾಯಿತು. "ಹೊರುತ್ತೇನೆ," ಎಂದ.

"ಹೇಳಿದ್ದು ಕೇಳಿಸಿತು. ಮೊದಲು ಹೊಸಿಲು ದಾಟು."

ಬಾಗಿಲ ಚೌಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಅವನು ಹೊಸಿಲು ದಾಟಿದ.

ಮರುದಿನ ಬೆಳಗಾಗುವುದರೊಳಗೆ ವರ್ತಕ ಗರಡಿಮನೆಗೆ ಹೋದ. ನೀನು ನಮಸ್ಕಾರಕ್ಕೆ ಇಳಿದೆಯಲ್ಲ, ಹಾಗೆ. ಗರಡಿಯ ಉಸ್ತಾದ ಕೆಮ್ಮಣ್ಣಿನ ಅಖಾಡಕ್ಕೆ ನೀರು ಚಿಮುಕಿಸುತ್ತಿದ್ದ. ಸಾಹುಕಾರರು ಬಂದದ್ದು ನೋಡಿ, ಯಾರನ್ನೋ ಹುಡುಕಿಕೊಂಡು ಬಂದಿರಬೇಕು ಅಂದುಕೊಂಡ.

"ದಿನಾ ನೂರು ಬಸ್ಕಿ ಹೊಡೆಯಬೇಕು," ಎಂದ ವರ್ತಕ.

"ಸಾವ್ಕಾರ್ರೇ, ನಮ್ಮ ಪೈಲ್ವಾನರು ನೂರು ಮುಟ್ಟೋಕೆ ಮೂರು ವರ್ಷ ತಗೋತಾರೆ. ಇದು ಕೊಬ್ಬರಿ ತೂಗಿದ ಹಾಗಲ್ಲ."

"ನನಗೆ ಅಷ್ಟು ಹೊತ್ತಿಲ್ಲ."

"ಹಂಗಾದ್ರೆ ಹೊಡೀರಿ. ನಾನು ಎಣಿಸ್ತೀನಿ, ದೇವರು ಎತ್ತಲಿ."

ಮೊದಲ ದಿನ ಇಪ್ಪತ್ತಮೂರು ಆಯಿತು. ಅದರಲ್ಲಿ ಹತ್ತು ಅವನವು, ಉಳಿದದ್ದು ಕಂಕುಳಿಗೆ ಕೈ ಕೊಟ್ಟವರವು. ಎರಡನೆಯ ದಿನ ಹಲ್ಲು ಕಚ್ಚಿ ಹದಿನೇಳು. ಮೂರನೆಯ ದಿನ ಒಂಬತ್ತಕ್ಕೆ ಕೂತವನು ಏಳಲೇ ಇಲ್ಲ. ಹಲಗೆಯ ಮೇಲೆ ಮಲಗಿಸಿ ಮನೆಗೆ ತಂದರು. ಹನ್ನೊಂದು ದಿನ ಹರಳೆಣ್ಣೆ ಕಾಸಿ ಶಾಖ ಕೊಟ್ಟರು. ಹನ್ನೆರಡನೆಯ ದಿನ ಅವನು ಗೋಡೆ ಕಡೆಗೆ ಮುಖ ಮಾಡಿಕೊಂಡು ತಾಯಿಗೆ ಹೇಳಿದ.

"ನನ್ನ ಮೈಗೆ ಇದು ಒಗ್ಗುವುದಿಲ್ಲ ಅವ್ವಾ. ತವರಿಗೆ ಹೋಗುವುದಾದರೆ ಗಾಡಿ ಕಟ್ಟಿಸುತ್ತೇನೆ."

ತಾಯಿ ಅಳಲಿಲ್ಲ. ಬೈಯಲೂ ಇಲ್ಲ. ಎಣ್ಣೆ ಬಟ್ಟಲು ಪಕ್ಕಕ್ಕಿಟ್ಟು ಕೇಳಿದಳು.

"ಅಂಗಡಿಯಲ್ಲಿ ದಿನಕ್ಕೆ ಎಷ್ಟು ಸಲ ಹಗ್ಗ ಹಿಡಿದು ಏಳುತ್ತೀ?"

"ಕೈ ತೊಳೆಯೋದಕ್ಕೆ, ಹೊರಗೆ ಹೋಗೋದಕ್ಕೆ, ದೊಡ್ಡವರು ಬಂದಾಗ. ಎಂಟು ಸಲ ಇರಬಹುದು."

"ಅಷ್ಟೇ ಸಲ ಏಳು. ಹಗ್ಗ ಬಿಟ್ಟು ಏಳು. ಒಂಬತ್ತನೆಯದು ಬೇಡ. ನೂರು ಗರಡಿಯವನಿಗೆ, ಎಂಟು ನಿನಗೆ. ಎದ್ದವನ ಮಂಡಿಗೆ ಅಖಾಡ ಯಾವುದು, ಅಂಗಡಿ ಯಾವುದು ಅಂತ ಗೊತ್ತಾಗುತ್ತದೆಯೇ?"

ವರ್ತಕ ಅಂಗಡಿಗೆ ಹೋಗಿ ಗಾದಿಯ ಮೇಲೆ ಕೂತ. ಹೊರಗೆ ಹೋಗಬೇಕಾಯಿತು. ಒಂದು ಕಡೆಗೆ ಹೊರಳಿದ. ಅಂಗೈ ಊರಿದ. ಮಂಡಿ ಊರಿದ. ಈಗ ತಾನೇ ಹುಟ್ಟಿದ ಕರುವಿನ ಹಾಗೆ ಹಿಂಭಾಗ ಮೊದಲು ಎತ್ತಿ, ಆಮೇಲೆ ಎದೆ ಎತ್ತಿ, ನಿಂತ. ಅಷ್ಟಕ್ಕೆ ಬೆವರಿಳಿಯಿತು. ಗುಮಾಸ್ತ ಓಡಿ ಬಂದ.

"ಧಣಿ, ಹಗ್ಗ ಇಲ್ಲೇ ಇದೆ."

"ನನಗೆ ಕಾಣುತ್ತದೆ," ಎಂದ ವರ್ತಕ.

ಅವತ್ತು ಹಾಗೆ ಎಂಟು ಸಲ ಎದ್ದ. ಮರುದಿನವೂ ಎಂಟು. ಗಂಟೆ ಹೊಡೆದು ಎದ್ದದ್ದಲ್ಲ, ದೀಪ ಹಚ್ಚಿ ಎದ್ದದ್ದಲ್ಲ. ಹೇಗಿದ್ದರೂ ಏಳಲೇಬೇಕಾಗಿದ್ದ ಎಂಟು ಸಲವೇ ಎದ್ದದ್ದು. ಅದಕ್ಕಾಗಿ ಅವನು ಬೇರೆ ಹೊತ್ತು ಹುಡುಕಲಿಲ್ಲ. ಒಂದು ತಿಂಗಳಿಗೆ ಅಂಗೈ ಊರುವುದು ನಿಂತಿತು. ಎರಡನೆಯ ತಿಂಗಳಿಗೆ ಹೊರಳುವುದು ನಿಂತಿತು. ಕೂತಲ್ಲಿಂದ ನೆಟ್ಟಗೆ ಎದ್ದ.

ಎದ್ದವನಿಗೆ ಇನ್ನೊಂದು ಸಲ ಏಳಬೇಕು ಅನ್ನಿಸಿತು. ಏಳುವುದಕ್ಕೆ ನೆಪ ಇರಲಿಲ್ಲ. ಆಗ ಕಟ್ಟಿಗೆ ಮಾರುವ ಹೆಂಗಸೊಬ್ಬಳು ಒಂದು ಅಚ್ಚು ಬೆಲ್ಲಕ್ಕೆ ಬಂದಳು. ವರ್ತಕ ಎದ್ದು ನಿಂತ. ಅವಳು ಗಾಬರಿಯಿಂದ ಪಕ್ಕಕ್ಕೆ ಸರಿದು, ಹಿಂದೆ ತಿರುಗಿ ನೋಡಿದಳು. ಹಿಂದೆ ಯಾರೂ ಇರಲಿಲ್ಲ.

"ಯಾರು ಬಂದ್ರು ಧಣಿ?"

"ನೀನೇ ಬಂದದ್ದು."

"ನಾನೇನು ತಪ್ಪು ಮಾಡಿದೆ?" ಎಂದು ಅವಳು ಅಳುವ ಹಾಗಾದಳು. ಬೆಲ್ಲ ತಗೊಂಡು ಹೋಗುವಾಗ ನಾಲ್ಕು ಸಲ ತಿರುಗಿ ನೋಡಿದಳು.

ಅಂದಿನಿಂದ ಅಂಗಡಿಗೆ ಯಾರು ಬಂದರೂ ವರ್ತಕ ಎದ್ದ. ತೂಗುವಾಗ ಕೂತ. ಹೋಗುವಾಗ ಮತ್ತೆ ಎದ್ದ. ಪೊರಕೆ ಮಾರುವವನಿಗೆ ಎದ್ದ. ಮೂಟೆ ಹೊರುವ ಹಮಾಲಿಗೆ ಎದ್ದ. ಬಳೆಗಾರನಿಗೆ, ಕುರಿ ಕಾಯುವವನಿಗೆ, ದಾರಿ ಕೇಳಲು ಬಂದವನಿಗೆ ಎದ್ದ. ಸಂತೆಯ ದಿನ ಮಂಡಿ ಕೂಗಿತು. ಅವತ್ತು ಇಬ್ಬರಿಗೊಮ್ಮೆ ಎದ್ದ. ಜ್ವರ ಬಂದ ವಾರ ಮತ್ತೆ ಎಂಟಕ್ಕೇ ಇಳಿದ. ಎಂಟರಿಂದ ಕೆಳಗೆ ಯಾವತ್ತೂ ಇಳಿಯಲಿಲ್ಲ.

ಕೈಗೆ ಸಿಗುವಂತಿದ್ದ ನೀರಿನ ಹೂಜಿಯನ್ನು ಹಿಂದಿನ ಗೋಡೆಯ ಹತ್ತಿರ ಇಡಿಸಿದ. ಗಾಡಿಯವನಿಗೆ, ಈ ಅಮಾವಾಸ್ಯೆಯಿಂದ ಮನೆಗೆ ಒಂದು ಮನೆ ಮೊದಲೇ ನಿಲ್ಲಿಸು ಎಂದ. ಮುಂದಿನ ಅಮಾವಾಸ್ಯೆಯಿಂದ ಎರಡು ಮನೆ ಮೊದಲು. ಅಂಗಡಿಗೂ ಮನೆಗೂ ನಡುವೆ ಹದಿನಾಲ್ಕು ಮನೆ. ಹದಿನೈದನೆಯ ಅಮಾವಾಸ್ಯೆಗೆ ಎತ್ತುಗಳಿಗೆ ಕೆಲಸ ತಪ್ಪಿತು.

ತಾಯಿಗೆ ಆಗ ಊಟ ಸೇರುತ್ತಿರಲಿಲ್ಲ. ವಯಸ್ಸಾಯಿತಲ್ಲ. ಇನ್ನೆರಡು ತುತ್ತು ತಿನ್ನು ಅಂದರೆ ತಟ್ಟೆ ಸರಿಸಿ ನಗುತ್ತಿದ್ದಳು.

"ನೀನು ಬಲ ಏರಿಸು, ನಾನು ತೂಕ ಇಳಿಸುತ್ತೇನೆ. ಎಲ್ಲೋ ಒಂದು ಕಡೆ ಇಬ್ಬರಿಗೂ ಹೊಂದುತ್ತದೆ."

ಬೀದಿಯವರಿಗೆ ಹೊಂದಲಿಲ್ಲ. ಅವರು ವರ್ತಕನನ್ನು ಸಭೆಗೆ ಕರೆಸಿದರು. ಸಭೆಯ ಚಾವಡಿಯಲ್ಲಿ ಏಳು ಗಾದಿ, ಏಳು ಹಗ್ಗ, ಏಳು ಜನ ಹಿರಿಯರು. ನಡುವೆ ಕೂತಿದ್ದ ಜವಳಿ ವರ್ತಕ ಬೀದಿಗೆಲ್ಲ ದೊಡ್ಡವನು.

"ಮೊನ್ನೆ ನಿನ್ನ ಅಂಗಡಿಗೆ ಬಂದೆ," ಎಂದ ಜವಳಿ ವರ್ತಕ. "ನೀನು ಎದ್ದು ನಿಂತೆ. ಸಂತೋಷ. ನನ್ನ ಹಿಂದೆಯೇ ಆ ಪೊರಕೆಯವನು ಬಂದ. ಅವನಿಗೂ ಎದ್ದೆ. ಈಗ ನೀನೇ ಹೇಳು, ನೀನು ಎದ್ದದ್ದು ನನಗೋ, ಪೊರಕೆಗೋ?"

"ನಿಮಗೂ ಅಲ್ಲ, ಪೊರಕೆಗೂ ಅಲ್ಲ. ನನ್ನ ಮಂಡಿಗೆ ಎದ್ದೆ."

"ನಗಾಡಬೇಡ. ನೀನು ಎಲ್ಲರಿಗೂ ಎದ್ದರೆ ನಮಗೆ ಎದ್ದದ್ದಕ್ಕೆ ಏನು ಬೆಲೆ? ನಿಮ್ಮಪ್ಪ ಹದಿನಾರು ವರ್ಷ ಆ ಹಗ್ಗ ಹಿಡಿದ. ನಿಮ್ಮಜ್ಜ ಇಪ್ಪತ್ತು ವರ್ಷ ಹಿಡಿದ. ನಾಳೆಯಿಂದ ಹಗ್ಗ ಹಿಡಿ. ಇಲ್ಲದಿದ್ದರೆ ನಿನ್ನ ಮನೆಯ ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ನಾವು ಬರುವುದಿಲ್ಲ. ಮನೆಯಲ್ಲಿ ವಯಸ್ಸಾದ ತಾಯಿ ಇದ್ದಾಳೆ, ನೆನಪಿರಲಿ. ಕೂಲಿಯವರಿಗೂ ಹೇಳಿಬಿಡುತ್ತೇವೆ. ನಾಳೆ ಹೆಗಲು ಕೊಡುವವರು ಒಬ್ಬರೂ ಸಿಗುವುದಿಲ್ಲ."

ವರ್ತಕ ಅಲ್ಲಿಯವರೆಗೆ ತಲೆ ತಗ್ಗಿಸಿಕೊಂಡಿದ್ದ. ತಾಯಿಯ ಹೆಸರು ಬಂದ ಮೇಲೆ ತಲೆ ಎತ್ತಿದ.

"ಹೆಗಲು ಕೊಡುವುದಿಲ್ಲ ಅನ್ನುತ್ತೀರಾ? ನೀವು ಯಾವ ಕಾಲಕ್ಕೆ ಯಾರಿಗೆ ಕೊಟ್ಟಿದ್ದೀರಿ? ನನ್ನಪ್ಪ ಹೋದಾಗ ನೀವು ಏಳೂ ಜನ ಗಾಡಿಯಲ್ಲಿ ಬಂದಿರಿ. ಇಳಿದು ಒಂದು ಹಿಡಿ ಮಣ್ಣು ಹಾಕಿದಿರಾ? ಇಳಿಸುವವರಿಲ್ಲ ಅಂತ ಗಾಡಿಯಿಂದಲೇ ಕೈ ಮುಗಿದಿರಿ. ನಾನೂ ಕೈ ಮುಗಿದೆ, ನಿಮ್ಮ ಹಾಗೇ, ಸ್ವಂತ ಅಪ್ಪನಿಗೆ. ಇನ್ನೊಮ್ಮೆ ಹಾಗೆ ಮಾಡುವುದಿಲ್ಲ. ಈಗ ಒಂದು ಕೆಲಸ ಮಾಡಿ. ನಿಮ್ಮಲ್ಲಿ ಯಾರಾದರೂ ಒಬ್ಬರು, ಯಾರಾದರೂ ಸರಿ, ಹಗ್ಗ ಮುಟ್ಟದೆ ಎದ್ದು ನಿಂತು ಈ ಮಾತನ್ನೇ ಇನ್ನೊಂದು ಸಲ ಹೇಳಿ. ನಾಳೆಯೇ ನಾನು ಹಗ್ಗ ಹಿಡಿಯುತ್ತೇನೆ."

ಕೊನೆಯಲ್ಲಿ ಕೂತಿದ್ದ ಎಣ್ಣೆ ವರ್ತಕನಿಗೆ ರೋಷ ಬಂತು. ಗಾದಿಯ ಮೇಲೆ ಎರಡೂ ಕೈ ಊರಿ ಅರ್ಧ ಎದ್ದ. ಅರ್ಧದಲ್ಲಿ ಮಂಡಿ ಲಟಕ್ ಎಂದಿತು. ಕೂತ. ಪಕ್ಕದವನ ಎಲೆಅಡಿಕೆ ತಟ್ಟೆ ಮಗುಚಿ ಸುಣ್ಣವೆಲ್ಲ ಪಂಚೆಗೆ ಬಿತ್ತು.

ವರ್ತಕ ಕೈ ಮುಗಿದು ನಡೆದುಕೊಂಡು ಹೊರಗೆ ಹೋದ. ಅಂಗಡಿಗೆ ಬಂದವನೇ ತೊಲೆಯಿಂದ ಹಗ್ಗ ಬಿಚ್ಚಿ, ಮೂಟೆ ಕಟ್ಟಿಕೋ ಎಂದು ಹಮಾಲಿಗೆ ಕೊಟ್ಟುಬಿಟ್ಟ.

ಬೀದಿಯವರು ಆಡಿದ ಮಾತನ್ನು ನಡೆಸಿದರು. ಹಬ್ಬಕ್ಕೆ ಕರೆಯಲಿಲ್ಲ. ಮದುವೆಗೆ ಕರೆಯಲಿಲ್ಲ. ಎದುರು ಸಿಕ್ಕರೆ ಮುಖ ತಿರುಗಿಸಿದರು. ಗುಮಾಸ್ತನನ್ನು ಹೆದರಿಸಿ ಬಿಡಿಸಿದರು. ಗುಮಾಸ್ತ ಹೋದ ಮೇಲೆ ವರ್ತಕನೇ ಎದ್ದು ಬೆಲ್ಲ ತೆಗೆಯಬೇಕಾಯಿತು, ಎದ್ದು ಕೊಬ್ಬರಿ ತರಬೇಕಾಯಿತು. ಅವನನ್ನು ಕೂರಿಸಲು ಹೋದವರು ಇನ್ನಷ್ಟು ಏಳಿಸಿದರು.

ಮೂರನೆಯ ವರ್ಷ ಕಾರ್ತಿಕದಲ್ಲಿ, ಒಂದು ಬೆಳಿಗ್ಗೆ, ಸ್ನಾನ ಮಾಡಿ ಬಂದು ಗೋಡೆಗೆ ಒರಗಿ ಕೂತ ತಾಯಿ ಹಾಗೇ ಹೋದಳು.

ಬೀದಿಯ ಬಾಗಿಲುಗಳು ಮುಚ್ಚಿಕೊಂಡವು. ಕೂಲಿಗೆ ಹೊರುವ ನಾಲ್ವರು ಊರಲ್ಲೇ ಇರಲಿಲ್ಲ, ಅಥವಾ ಇಲ್ಲ ಎಂದು ಹೇಳಿಸಿದರು. ವರ್ತಕ ತಾನೇ ಹೋಗಿ ಬಿದಿರು ತಂದು ಜಗಲಿಯ ಮುಂದೆ ಹಾಕಿದ. ತನ್ನದು ಒಂದು ಹೆಗಲು. ಇನ್ನು ಮೂರು ಬೇಕು. ತವರಿಗೆ ಹೇಳಿ ಕಳಿಸಿದ್ದ. ಅಲ್ಲಿಂದ ಜನ ಬರಲು ಒಂದು ದಿನ ಬೇಕು. ತಾಯಿಯನ್ನು ಅಲ್ಲಿಯವರೆಗೆ ಇಟ್ಟುಕೊಳ್ಳುವಂತಿರಲಿಲ್ಲ.

ಮೊದಲು ಹಮಾಲಿ ಬಂದ. ತನ್ನ ತಮ್ಮನನ್ನೂ ಕರೆದುಕೊಂಡು ಬಂದಿದ್ದ. ತಲೆಗೆ ಸುತ್ತಿದ್ದ ಬಟ್ಟೆ ಬಿಚ್ಚಿ ಹೆಗಲ ಮೇಲೆ ಮಡಿಸಿ ಹಾಕಿಕೊಂಡ.

"ಕೂಲಿ ಮಾತಾಡಬ್ಯಾಡ್ರಿ ಧಣಿ," ಎಂದ.

ಆಮೇಲೆ ಪೊರಕೆ ಮಾರುವವನು ಬಂದ. ಪೊರಕೆಯ ಹೊರೆಯನ್ನು ಗೋಡೆಗೆ ಒರಗಿಸಿ, ಕೈ ಕಟ್ಟಿ ನಿಂತ.

"ಮೂವತ್ತು ವರ್ಷದಿಂದ ಈ ಬೀದಿಯಲ್ಲಿ ತಿರುಗ್ತೀನಿ. ನನ್ನ ಮುಖ ಕಂಡು ಎದ್ದೋರು ನೀವೊಬ್ಬರೇ."

ವರ್ತಕನಿಗೆ ಸುಳ್ಳು ಹೇಳಲು ಮನಸ್ಸು ಬರಲಿಲ್ಲ. "ನಿನಗಾಗಿ ಎದ್ದದ್ದಲ್ಲಪ್ಪಾ. ನನ್ನ ಮಂಡಿಗಾಗಿ ಎದ್ದದ್ದು."

"ಗೊತ್ತು ಧಣಿ. ಬೀದಿಗೆಲ್ಲ ಗೊತ್ತು. ಆದ್ರೂ ಎದ್ದಿರಲ್ಲ," ಎಂದ ಪೊರಕೆಯವನು. ಚಟ್ಟ ಕಟ್ಟಲು ಕೂತ.

ನಾಲ್ವರೂ ಹೊತ್ತರು. ವರ್ತಕ ಮುಂದೆ ಎಡಕ್ಕೆ, ಹಮಾಲಿ ಮುಂದೆ ಬಲಕ್ಕೆ. ಬೀದಿಯ ಮಾಳಿಗೆಗಳ ಮೇಲೆ ಯಜಮಾನರನ್ನು ಎತ್ತಿ ತಂದು ಕೂರಿಸಿದ್ದರು. ನೋಡಲು. ವರ್ತಕ ಮೇಲೆ ನೋಡಲಿಲ್ಲ. ಕೆಳಗೆ ನೋಡಿದ, ಹೆಜ್ಜೆ ಇಡಬೇಕಾದ ಕಡೆ.

ಒಂದೊಂದೇ ಮನೆ ದಾಟಿತು. ಹದಿನಾಲ್ಕೂ ಮುಗಿದು ಅಂಗಡಿ ದಾಟಿತು. ಅದು ಅವನಿಗೆ ದಿನದ ದಾರಿ. ಅದರಾಚೆ ಅವನು ನಡೆದದ್ದು ಕಡಿಮೆ. ಉಸಿರು ಗಂಟಲಿಗೆ ಬಂತು.

"ಉಸಿರು ಹಿಡೀಬ್ಯಾಡ್ರಿ ಧಣಿ," ಎಂದ ಹಮಾಲಿ. "ಹೆಜ್ಜೆಗೊಂದು ಬಿಡಿ. ಮೂಟೆ ಹೊರೋನು ಉಸಿರು ಹಿಡಿದ್ರೆ ಮೂಟೆನೇ ಅವನನ್ನ ಹೊರುತ್ತೆ."

ಹೆಜ್ಜೆಗೊಂದು ಉಸಿರು ಬಿಟ್ಟ. ಹಳ್ಳ ಬಂತು. ಹಳ್ಳದ ದಡದಲ್ಲಿ ಚಟ್ಟವನ್ನು ಒಮ್ಮೆ ನೆಲಕ್ಕೆ ಇಳಿಸಿ, ಮತ್ತೆ ಎತ್ತಬೇಕು. ಅದು ಎಲ್ಲ ಕಡೆ ಇರುವ ಶಾಸ್ತ್ರ. ಇಳಿಸಿದರು. ಇಳಿಸುವುದು ಯಾರಿಂದಲೂ ಆಗುತ್ತದೆ.

ಎತ್ತಬೇಕಾದರೆ ಕುಕ್ಕರಗಾಲಲ್ಲಿ ಕೂತು, ಬಿದಿರಿನ ಕೆಳಗೆ ಹೆಗಲು ಕೊಟ್ಟು, ಭಾರದ ಸಮೇತ ಏಳಬೇಕು. ವರ್ತಕ ಕೂತ. ಹೆಗಲು ಕೊಟ್ಟ. ಎದ್ದ. ಅರ್ಧಕ್ಕೆ ಮಂಡಿ ನಡುಗಿತು. ಚಟ್ಟ ಎಡಕ್ಕೆ ವಾಲಿತು. ನಾಲ್ವರೂ ಮತ್ತೆ ಕೂತರು.

ಹಮಾಲಿ ಮೆಲ್ಲಗೆ ಕೇಳಿದ. "ಮುಂದಿನದ್ದು ಎರಡೂ ನಾನೇ ಹಿಡೀಲಾ ಧಣಿ? ನೀವು ಪಕ್ಕದಾಗ ಕೈ ಹಚ್ಚಿ ಬಂದ್ರೆ ಸಾಕು. ಹೊತ್ತ ಹಾಗೇ ಲೆಕ್ಕ."

"ಬೇಡ," ಎಂದ ವರ್ತಕ. "ತಡಿ."

ಅವನು ಮುಖ ಒರೆಸಿಕೊಳ್ಳಲಿಲ್ಲ. ದೇವರನ್ನು ಕರೆಯಲಿಲ್ಲ. ಹಿಮ್ಮಡಿಯನ್ನು ನೆಲಕ್ಕೆ ಒತ್ತಿದ. ಯಾರೋ ಒಬ್ಬರು ಒಂದು ಅಚ್ಚು ಬೆಲ್ಲಕ್ಕೆ ಬಂದ ಹಾಗೆ, ದಿನಾ ಏಳುವ ಹಾಗೆ, ಎದ್ದ. ಚಟ್ಟ ಅವನ ಜೊತೆ ಮೇಲೆ ಬಂತು. ಹಳ್ಳ ದಾಟಿದರು. ಏರು ಹತ್ತಿದರು. ಹೆಗಲು ಬದಲಿಸಲು ಯಾರೂ ಇರಲಿಲ್ಲ, ಅವನು ಬದಲಿಸು ಎಂದು ಕೇಳಲೂ ಇಲ್ಲ. ಮೇಲೆ ಹೋಗಿ, ಕುಳಿಯ ಪಕ್ಕದಲ್ಲಿ, ಕೂತು ತಾಯಿಯನ್ನು ಇಳಿಸಿದ. ಬಿದಿರು ಒತ್ತಿದ ಕಡೆ ಹೆಗಲು ಕಿತ್ತು ರಕ್ತ ಬಂದಿತ್ತು. ಎರಡೂ ಕೈಯಲ್ಲಿ ಬೊಗಸೆ ತುಂಬ ಮಣ್ಣು ಹಾಕಿದ.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

ಶಿಷ್ಯ ಸೊಂಟದ ಮೇಲಿನ ಕೈ ತೆಗೆದು ನೆಟ್ಟಗೆ ಕೂತ.

"ಕತೆ ಚೆನ್ನಾಗಿದೆ ಗುರುಗಳೇ. ಆದರೆ ಆ ವರ್ತಕನಿಗೆ ತಾಯಿ ಇದ್ದಳು. ಅದಕ್ಕೇ ಎದ್ದ, ಬೀದಿಯನ್ನೇ ಎದುರು ಹಾಕಿಕೊಂಡ. ನಾನು ತಂದೆ ತಾಯಿ, ಮನೆ ಮಠ ಎಲ್ಲ ಬಿಟ್ಟು ನಿಮ್ಮ ಹತ್ತಿರ ಬಂದವನು. ನಾನು ಹೊರಬೇಕಾದವರು ಯಾರಿದ್ದಾರೆ?"

"ನಾನಿದ್ದೇನೆ, ನನಗೆ ಎಂಬತ್ತನಾಲ್ಕು," ಎಂದರು ಗುರುಗಳು.